ಲೋಹದ ಮೇಲಿನ ಬಣ್ಣ, ತುಕ್ಕು, ಲೇಪನ ತೆಗೆಯುವುದು ಹೇಗೆ: ಆಸಿಡ್, ಕಾಸ್ಟಿಕ್ ಬಳಸುವವರಿಗೆ ಸಮಗ್ರ ಮಾರ್ಗದರ್ಶಿ

ಹಳೆಯ ಗೇಟು, ಕುರ್ಚಿ, ಸೈಕಲ್ ಫ್ರೇಮ್ ಏನೇ ಇರಲಿ, ಬಣ್ಣ ತೆಗೆಯಲು ಹೊರಟವರು ಮೊದಲು ಕೇಳುವುದು "ಯಾವ ಆಸಿಡ್ ಹಾಕಬೇಕು?" ಅಂತ. ಈ ಪ್ರಶ್ನೆಯಲ್ಲೇ ಒಂದು ತಪ್ಪು ಕೂತಿದೆ. ಆಸಿಡ್ ಬಣ್ಣವನ್ನು ತೆಗೆಯುವುದಿಲ್ಲ. ಆಸಿಡ್ ತಿನ್ನುವುದು ತುಕ್ಕನ್ನು, ಸತುವಿನ ಲೇಪನವನ್ನು, ಕೊನೆಗೆ ಲೋಹವನ್ನೇ. ಬಣ್ಣ ಬಿಡಿಸಲು ಬೇಕಾದದ್ದು ಸಾಲ್ವೆಂಟ್ (ಬಣ್ಣವನ್ನು ಮೆತ್ತಗೆ ಮಾಡಿ ಬಿಡಿಸುವ ದ್ರಾವಕ) ಅಥವಾ ಕಾಸ್ಟಿಕ್ ಸೋಡಾ. ಬಣ್ಣದ ಮೇಲೆ ಗಾಢ ಆಸಿಡ್ ಸುರಿದರೆ ಬಣ್ಣ ಅಲ್ಲೇ ಇರುತ್ತದೆ. ಬಿರುಕಿನೊಳಗೆ ಇಳಿದ ಆಸಿಡ್ ಕೆಳಗಿನ ಲೋಹವನ್ನು ಕೊರೆಯುತ್ತಾ ಹೋಗುತ್ತದೆ.

ಹಾಗಾಗಿ ಬಾಟಲಿ ತೆರೆಯುವ ಮೊದಲು ಮೂರು ವಿಷಯ ಗೊತ್ತಿರಬೇಕು: ತೆಗೆಯಬೇಕಾದದ್ದು ಏನು, ಅದರ ಕೆಳಗಿನ ಲೋಹ ಯಾವುದು, ಈ ಕೆಲಸಕ್ಕೆ ಸಾಕಾಗುವ ಅತ್ಯಂತ ಸೌಮ್ಯ ರಾಸಾಯನಿಕ ಯಾವುದು. ಮೂರನೆಯದನ್ನು ನಾನು ಎಷ್ಟು ಸಲ ಹೇಳಿದರೂ ಕಡಿಮೆ. ಸಿಟ್ರಿಕ್ ಆಸಿಡ್ ಒಂದು ರಾತ್ರಿಯಲ್ಲಿ ಮಾಡುವ ಕೆಲಸವನ್ನು ಹೈಡ್ರೋಕ್ಲೋರಿಕ್ ಆಸಿಡ್ ಅರ್ಧ ಗಂಟೆಯಲ್ಲಿ ಮಾಡುತ್ತದೆ, ನಿಜ. ಆದರೆ ಉಳಿಯುವ ಆ ಒಂದು ರಾತ್ರಿ ನಿಮ್ಮ ಕಣ್ಣು, ಶ್ವಾಸಕೋಶಕ್ಕಿಂತ ದೊಡ್ಡದಲ್ಲ.

ಲೋಹ ಗುರುತಿಸುವುದು

ಒಂದು ಅಯಸ್ಕಾಂತ ತೆಗೆದುಕೊಳ್ಳಿ. ಗಟ್ಟಿಯಾಗಿ ಅಂಟಿಕೊಂಡರೆ ಕಬ್ಬಿಣ ಅಥವಾ ಉಕ್ಕು. ಅಂಟದೆ ಇದ್ದರೆ ಅಲ್ಯುಮಿನಿಯಂ, ಹಿತ್ತಾಳೆ, ತಾಮ್ರ, ಸತುವಿನ ಎರಕ, ಇಲ್ಲವೇ ಕೆಲವು ಬಗೆಯ ಸ್ಟೇನ್‌ಲೆಸ್ ಸ್ಟೀಲ್ ಇರಬಹುದು. ಕಾಣದ ಜಾಗದಲ್ಲಿ ಚಾಕುವಿನಿಂದ ಸ್ವಲ್ಪ ಕೆರೆದು ನೋಡಿ. ಬಿಳಿಯಾಗಿ ಮೆತ್ತಗಿದ್ದು, ವಸ್ತು ಕೈಗೆ ಹಗುರವಾಗಿದ್ದರೆ ಬಹುಪಾಲು ಅಲ್ಯುಮಿನಿಯಂ. ಹಳದಿ ಬಂದರೆ ಹಿತ್ತಾಳೆ. ಒಂದು ಎಚ್ಚರಿಕೆ: ಕಬ್ಬಿಣದ ವಸ್ತುವಿಗೂ ಅಲ್ಯುಮಿನಿಯಂ ಹಿಡಿ, ಸತುವಿನ ಎರಕದ ಗುಬ್ಬಿ ಜೋಡಿಸಿರುತ್ತಾರೆ. ಬಿಚ್ಚಬಹುದಾದದ್ದನ್ನೆಲ್ಲ ಬಿಚ್ಚಿ, ಪ್ರತಿ ಭಾಗವನ್ನೂ ಬೇರೆಯಾಗಿ ಪರೀಕ್ಷಿಸಿ.

ಅಲ್ಯುಮಿನಿಯಂ, ಸತುವಿಗೆ ಕಾಸ್ಟಿಕ್ ಸೋಡಾ ಮುಟ್ಟಿಸಲೇ ಬಾರದು. ಲೋಹ ಕರಗುತ್ತದೆ, ದ್ರಾವಣ ಕುದಿಯುವಷ್ಟು ಬಿಸಿಯಾಗುತ್ತದೆ, ಜೊತೆಗೆ ಹೈಡ್ರೋಜನ್ ಅನಿಲ ಬಿಡುಗಡೆಯಾಗುತ್ತದೆ. ಹೈಡ್ರೋಜನ್ ಗಾಳಿಯಲ್ಲಿ ಶೇ. 4ರಷ್ಟು ಸೇರಿದರೂ ಒಂದು ಕಿಡಿಗೆ ಹತ್ತಿಕೊಳ್ಳುತ್ತದೆ. ಹಿತ್ತಾಳೆಯನ್ನು ಆಸಿಡ್‌ನಲ್ಲಿ ಹೊತ್ತು ಮೀರಿ ಬಿಟ್ಟರೆ ಮೇಲ್ಮೈಯಿಂದ ಸತು ಕರಗಿ, ತಾಮ್ರ ಮಾತ್ರ ಉಳಿದು, ಗುಲಾಬಿ ಬಣ್ಣಕ್ಕೆ ತಿರುಗುತ್ತದೆ. ಸ್ಟೇನ್‌ಲೆಸ್ ಸ್ಟೀಲ್‌ಗೆ ಹೈಡ್ರೋಕ್ಲೋರಿಕ್ ಆಸಿಡ್ ಬೇಡ, ಅದರ ಕ್ಲೋರೈಡ್ ಸಣ್ಣ ಸಣ್ಣ ಗುಳಿ ಕೊರೆಯುತ್ತದೆ. ಎರಕದ ಕಬ್ಬಿಣದ ಮೈಯಲ್ಲಿ ಸೂಕ್ಷ್ಮ ರಂಧ್ರಗಳಿರುವುದರಿಂದ ಆಸಿಡ್ ಒಳಗೆ ಇಳಿದು ಕೂರುತ್ತದೆ, ವಾರಗಳ ನಂತರ ಹೊಸ ಬಣ್ಣದ ಕೆಳಗಿನಿಂದ ತುಕ್ಕಾಗಿ ಹೊರಬರುತ್ತದೆ.

ಸ್ಪ್ರಿಂಗ್, ಹೆಚ್ಚು ಬಲದ ಬೋಲ್ಟ್, ಗಟ್ಟಿ ಮಾಡಿದ ಉಕ್ಕಿನ ಭಾಗಗಳ ವಿಷಯ ಬೇರೆಯೇ. ಆಸಿಡ್ ಲೋಹದ ಜೊತೆ ವರ್ತಿಸುವಾಗ ಹುಟ್ಟುವ ಹೈಡ್ರೋಜನ್‌ನಲ್ಲಿ ಒಂದಿಷ್ಟು ಉಕ್ಕಿನೊಳಗೇ ಸೇರಿಕೊಂಡು ಅದನ್ನು ಪೆಡಸು ಮಾಡುತ್ತದೆ. ನೋಡಲು ಏನೂ ಆಗಿರುವುದಿಲ್ಲ. ಆದರೆ ಭಾರ ಬಿದ್ದಾಗ ಬೋಲ್ಟ್ ಸದ್ದಿಲ್ಲದೆ ಮುರಿಯಬಹುದು. ಬ್ರೇಕ್, ಸ್ಟೀರಿಂಗ್, ಎತ್ತುವ ಕೊಕ್ಕೆ, ಇಂಥವುಗಳ ಬೋಲ್ಟು, ಸ್ಪ್ರಿಂಗನ್ನು ಯಾವ ಆಸಿಡ್‌ಗೂ ಹಾಕಬೇಡಿ. ಹೊಸದು ತಂದು ಹಾಕಿ.

ಬಣ್ಣದಲ್ಲಿ ಸೀಸ ಇದೆಯಾ?

ಹಳೆಯ ಎನಾಮೆಲ್ ಮತ್ತು ತುಕ್ಕು ತಡೆಯುವ ಕೆಂಪು ಪ್ರೈಮರ್‌ನಲ್ಲಿ ಸೀಸ ಬಹಳ ಸಾಮಾನ್ಯವಾಗಿತ್ತು. ಹಲವು ಪದರ ಬಣ್ಣ ಇರುವ ಹಳೆಯ ವಸ್ತುವಾದರೆ ಸೀಸ ಇದೆ ಎಂದುಕೊಂಡೇ ಕೆಲಸ ಶುರು ಮಾಡಿ. ಸೀಸ ಪರೀಕ್ಷಿಸುವ ಕಿಟ್ ಸಿಗುತ್ತದೆ. ಪ್ರಯೋಗಾಲಯದ ಪರೀಕ್ಷೆ ಇನ್ನೂ ನಂಬಿಕೆಗೆ ಅರ್ಹ. ಇಂಥ ಬಣ್ಣವನ್ನು ಒಣಗಿದ್ದಾಗ ಉಜ್ಜಬೇಡಿ, ಬೆಂಕಿಯಿಂದ ಸುಡಬೇಡಿ. ದೂಳು ಮತ್ತು ಹೊಗೆಯ ಮೂಲಕ ಸೀಸ ದೇಹ ಸೇರುತ್ತದೆ, ಮಕ್ಕಳ ಮೆದುಳಿಗೆ ಅದು ಮಾಡುವ ಹಾನಿ ಮತ್ತೆ ಸರಿಹೋಗುವಂಥದ್ದಲ್ಲ. ಇಲ್ಲಿ ರಾಸಾಯನಿಕದಿಂದ ತೆಗೆಯುವುದೇ ವಾಸಿ, ಯಾಕೆಂದರೆ ಬಣ್ಣ ಒದ್ದೆ ಮುದ್ದೆಯಾಗಿ ಬರುತ್ತದೆ, ದೂಳು ಏಳುವುದಿಲ್ಲ. ಆದರೆ ಆ ಮುದ್ದೆಯೂ ವಿಷವೇ. ಕೆಲಸದ ಬಟ್ಟೆಯಲ್ಲೇ ಒಳಗೆ ಬರಬೇಡಿ. ಆ ಬಟ್ಟೆಯನ್ನು ಬೇರೆಯಾಗಿ ಒಗೆಯಿರಿ.

ಜಾಗ, ಕವಚ, ನೀರು

ಬಯಲಲ್ಲಿ ಕೆಲಸ ಮಾಡಿ, ಗಾಳಿ ನಿಮ್ಮ ಬೆನ್ನ ಕಡೆಯಿಂದ ಬರುವಂತೆ ನಿಂತುಕೊಳ್ಳಿ. ಬಯಲು ಸಿಗದಿದ್ದರೆ ಎರಡೂ ಕಡೆ ಬಾಗಿಲು ತೆರೆದ ಶೆಡ್. ಬಚ್ಚಲಮನೆ, ನೆಲಮಾಳಿಗೆ, ಮುಚ್ಚಿದ ಗ್ಯಾರೇಜ್ ಯಾವುದೂ ಬೇಡ. ಇಲ್ಲಿ ಬಳಸುವ ಬಹುಪಾಲು ಸಾಲ್ವೆಂಟ್‌ಗಳ ಆವಿ ಗಾಳಿಗಿಂತ ಭಾರ. ಅದು ನೆಲದ ಮಟ್ಟದಲ್ಲಿ, ತಗ್ಗಿನಲ್ಲಿ ಸೇರಿಕೊಳ್ಳುತ್ತದೆ. ಟಬ್ ಕಡೆ ಬಗ್ಗಿ ಕೆಲಸ ಮಾಡುವವರ ಮೂಗು ಸರಿಯಾಗಿ ಅಲ್ಲೇ ಇರುತ್ತದೆ ಅಲ್ವಾ?

ಕಣ್ಣಿಗೆ ಮಾಮೂಲಿ ಕನ್ನಡಕ ಸಾಲದು. ನಾಲ್ಕೂ ಕಡೆ ಮುಚ್ಚುವ ಗಾಗಲ್ಸ್ ಬೇಕು. ಗಾಢ ಆಸಿಡ್ ಅಥವಾ ಕಾಸ್ಟಿಕ್ ಸುರಿಯುವಾಗ ಅದರ ಮೇಲೆ ಇಡೀ ಮುಖ ಮುಚ್ಚುವ ಶೀಲ್ಡ್ ಕೂಡ. ರಬ್ಬರ್ ಬೂಟು, ಪ್ಲಾಸ್ಟಿಕ್ ಏಪ್ರನ್ ಹಾಕಿ. ಪ್ಯಾಂಟಿನ ಅಂಚು ಬೂಟಿನ ಹೊರಗೆ ಇರಲಿ. ಒಳಗೆ ಸೇರಿಸಿದರೆ ಚೆಲ್ಲಿದ ಆಸಿಡ್ ಬೂಟಿನೊಳಗೇ ಇಳಿಯುತ್ತದೆ. ನೀರು ಬೆರೆಸಿದ ಆಸಿಡ್ ಮತ್ತು ಕಾಸ್ಟಿಕ್‌ಗೆ ದಪ್ಪ ನೈಟ್ರೈಲ್ ಅಥವಾ ನಿಯೋಪ್ರೀನ್ ಗ್ಲೌಸ್ ಸರಿ. ವೈದ್ಯರು ಹಾಕುವಂಥ ತೆಳು ಗ್ಲೌಸ್ ಈ ಕೆಲಸಕ್ಕಲ್ಲ. ದೂಳಿನ ಮಾಸ್ಕ್ ಆವಿಯನ್ನು ತಡೆಯುವುದೇ ಇಲ್ಲ. ಆಸಿಡ್ ಆವಿಗೆ ಒಂದು ಬಗೆಯ ಕಾರ್ಟ್ರಿಜ್ (ರೆಸ್ಪಿರೇಟರ್ ಮಾಸ್ಕ್‌ಗೆ ಸಿಕ್ಕಿಸುವ ಫಿಲ್ಟರ್), ಸಾಲ್ವೆಂಟ್ ಆವಿಗೆ ಇನ್ನೊಂದು ಬಗೆಯ ಕಾರ್ಟ್ರಿಜ್ ಬೇಕು. ಒಂದರ ಬದಲು ಇನ್ನೊಂದು ಕೆಲಸ ಮಾಡುವುದಿಲ್ಲ.

ಎಲ್ಲಕ್ಕಿಂತ ಮುಖ್ಯವಾದದ್ದು ಹರಿಯುವ ನೀರು. ಕೊಳಾಯಿಗೆ ಪೈಪ್ ಸಿಕ್ಕಿಸಿ, ನೀರು ಬರುತ್ತದೆ ಅಂತ ನೋಡಿಕೊಂಡ ಮೇಲೆ ಮಾತ್ರ ಬಾಟಲಿ ತೆರೆಯಿರಿ. ಕೂಗಿದರೆ ಕೇಳುವಷ್ಟು ಹತ್ತಿರದಲ್ಲಿ ಇನ್ನೊಬ್ಬರು ಇರಲಿ. ಕಣ್ಣಿಗೆ ಬಿದ್ದಾಗ ಕಣ್ಣು ತೆರೆಯಲು ಆಗುವುದಿಲ್ಲ. ಆಗ ನಿಮ್ಮನ್ನು ಕೊಳಾಯಿ ಹತ್ತಿರ ಕರೆದೊಯ್ಯುವವರು ಬೇಕು.

ಅಪಘಾತವಾದರೆ ಏನು ಮಾಡಬೇಕು ಅಂತ ಈಗಲೇ ಓದಿಕೊಳ್ಳಿ, ಆಗ ಓದಲು ಸಮಯ ಇರುವುದಿಲ್ಲ. ಚರ್ಮದ ಮೇಲೆ ಬಿದ್ದರೆ ಬಟ್ಟೆ ಕಳಚಿ, ಹರಿಯುವ ನೀರಿನಲ್ಲಿ ಕನಿಷ್ಠ 20 ನಿಮಿಷ ತೊಳೆಯಿರಿ. ಆಸಿಡ್ ಬಿದ್ದ ಚರ್ಮದ ಮೇಲೆ ಸೋಡಾ ಹಚ್ಚಬೇಡಿ, ಕಾಸ್ಟಿಕ್ ಬಿದ್ದದ್ದಕ್ಕೆ ವಿನಿಗರ್ ಹಚ್ಚಬೇಡಿ. ಅದನ್ನು ಹುಡುಕುವ ಹೊತ್ತಿನಲ್ಲೇ ಸುಟ್ಟಗಾಯ ಆಳವಾಗಿರುತ್ತದೆ. ಕಣ್ಣಿಗೆ ಬಿದ್ದರೆ ರೆಪ್ಪೆಯನ್ನು ಬೆರಳಿನಿಂದ ಅಗಲಿಸಿ ಹಿಡಿದು ನೀರು ಹರಿಸಿ. ಕಾಸ್ಟಿಕ್ ಆಗಿದ್ದರೆ ಅರ್ಧ ಗಂಟೆಗೂ ಜಾಸ್ತಿ ತೊಳೆಯಬೇಕು, ಯಾಕೆಂದರೆ ಕ್ಷಾರ ಕಣ್ಣಿನ ಒಳಪದರಕ್ಕೆ ಇಳಿಯುತ್ತಲೇ ಹೋಗುತ್ತದೆ. ಆಮೇಲೆ ತಡಮಾಡದೆ ಆಸ್ಪತ್ರೆಗೆ ಹೋಗಿ. ಬಾಟಲಿಯ ಲೇಬಲ್ ಜೊತೆಗಿರಲಿ. ಯಾರಾದರೂ ನುಂಗಿದ್ದರೆ ವಾಂತಿ ಮಾಡಿಸಬೇಡಿ. ಇಳಿಯುವಾಗ ಸುಟ್ಟದ್ದು ಮೇಲೆ ಬರುವಾಗ ಇನ್ನೊಮ್ಮೆ ಸುಡುತ್ತದೆ.

ಬಣ್ಣ ತೆಗೆಯುವುದು: ಜೆಲ್ ರಿಮೂವರ್

ಪೇಂಟ್ ರಿಮೂವರ್ ಕೊಳ್ಳುವಾಗ ಲೇಬಲ್ ಓದಿ. ಡೈಕ್ಲೋರೋಮೀಥೇನ್ ಅಥವಾ ಮೆಥಿಲೀನ್ ಕ್ಲೋರೈಡ್ ಎಂದಿದ್ದರೆ ವಾಪಸ್ ಇಟ್ಟುಬಿಡಿ. ಬಣ್ಣವನ್ನು ನಿಮಿಷಗಳಲ್ಲಿ ಉಬ್ಬಿಸುವುದರಲ್ಲಿ ಅದಕ್ಕೆ ಸಮನಾದದ್ದು ಇಲ್ಲ, ಒಪ್ಪುತ್ತೇನೆ. ಆದರೆ ಅದು 40 ಡಿಗ್ರಿಗೇ ಕುದಿಯುವ ದ್ರವ. ತೆರೆದ ತಕ್ಷಣ ಆವಿಯಾಗುತ್ತದೆ, ಉಸಿರಿನ ಜೊತೆ ಒಳಗೆ ಹೋಗಿ ಅಮಲು ಬರಿಸುತ್ತದೆ. ಇದರಲ್ಲಿ ಒಂದು ಭಾಗವನ್ನು ದೇಹ ಕಾರ್ಬನ್ ಮಾನಾಕ್ಸೈಡ್ ಆಗಿ ಬದಲಾಯಿಸುತ್ತದೆ, ಹೃದಯಕ್ಕೆ ಆಮ್ಲಜನಕ ಸಾಲದಾಗುತ್ತದೆ. ಸ್ನಾನದ ಟಬ್‌ಗಳ ಬಣ್ಣ ತೆಗೆಯುತ್ತಿದ್ದ ಕೆಲಸಗಾರರು ಮುಚ್ಚಿದ ಬಚ್ಚಲಲ್ಲೇ ಕುಸಿದು ಸತ್ತ ಪ್ರಕರಣಗಳು ಹಲವು. ಅಮೆರಿಕದ ಪರಿಸರ ಸಂರಕ್ಷಣಾ ಸಂಸ್ಥೆ 2019ರಲ್ಲಿ ಇಂಥ ರಿಮೂವರ್‌ಗಳನ್ನು ಜನಸಾಮಾನ್ಯರಿಗೆ ಮಾರುವುದನ್ನು ನಿಷೇಧಿಸಿತು, 2024ರಲ್ಲಿ ಉಳಿದ ಬಹುಪಾಲು ಬಳಕೆಗೂ ತಡೆ ಹಾಕಿತು. ನೈಟ್ರೈಲ್ ಗ್ಲೌಸನ್ನು ಇದು ಕೆಲವೇ ನಿಮಿಷಗಳಲ್ಲಿ ದಾಟುತ್ತದೆ. ಮಾಮೂಲಿ ಸಾಲ್ವೆಂಟ್ ಕಾರ್ಟ್ರಿಜ್ ಕೂಡ ಇದನ್ನು ಹೆಚ್ಚು ಹೊತ್ತು ಹಿಡಿಯುವುದಿಲ್ಲ. ಲೇಬಲ್‌ನಲ್ಲಿ ಕಂಡರೆ ಬಿಡಬೇಕಾದ ಇನ್ನೊಂದು ಸಾಲ್ವೆಂಟ್ ಎನ್‌ಎಂಪಿ (ಎನ್-ಮೀಥೈಲ್ ಪೈರೋಲಿಡೋನ್). ಅದು ಗರ್ಭದಲ್ಲಿರುವ ಮಗುವಿಗೆ ಹಾನಿ ಮಾಡುತ್ತದೆ.

ಬೆಂಜೈಲ್ ಆಲ್ಕೊಹಾಲ್ ಇರುವ ಜೆಲ್ ತೆಗೆದುಕೊಳ್ಳಿ. ನಿಧಾನ, ಆದರೆ ಕೆಲಸ ಮಾಡುತ್ತದೆ. ಆಸಿಡ್ ಅಥವಾ ಕ್ಷಾರ ಬೆರೆಸದ ಬಗೆಯಾದರೆ ಅಲ್ಯುಮಿನಿಯಂ ಮೇಲೂ ಬಳಸಬಹುದು.

ಮೊದಲು ವಸ್ತುವನ್ನು ಸೋಪು ನೀರಿನಲ್ಲಿ ತೊಳೆದು ಒಣಗಿಸಿ, ಎಣ್ಣೆ ಜಿಡ್ಡು ಇದ್ದರೆ ಜೆಲ್ ಹಿಡಿಯುವುದಿಲ್ಲ. ಬಿಸಿಲಿನಲ್ಲಿ ಇಡಬೇಡಿ. ಹಳೆಯ ಬ್ರಷ್‌ನಿಂದ 2–3 ಮಿಲಿಮೀಟರ್ ದಪ್ಪಕ್ಕೆ ಜೆಲ್ ಹಚ್ಚಿ, ಒಂದೇ ದಿಕ್ಕಿನಲ್ಲಿ. ಬಣ್ಣ ಬಳಿದಂತೆ ಹಿಂದೆ ಮುಂದೆ ಎಳೆದಾಡಿದರೆ ಜೆಲ್‌ನ ಪದರ ಒಡೆದು ಬೇಗ ಒಣಗುತ್ತದೆ. ಮೇಲೆ ಪ್ಲಾಸ್ಟಿಕ್ ಹಾಳೆ ಹೊದಿಸಿ. ಆಮೇಲೆ ಸುಮ್ನೆ ಬಿಡಿ, ಇದೇ ಎಲ್ಲರಿಗೂ ಕಷ್ಟವಾಗುವ ಹಂತ. ತೆಳು ಎನಾಮೆಲ್‌ಗೆ ಕೆಲವು ಗಂಟೆ ಸಾಕು, ಹಲವು ಪದರವಿದ್ದರೆ ಇಡೀ ರಾತ್ರಿ ಬೇಕಾಗಬಹುದು. ಒಂದು ಮೂಲೆಯಲ್ಲಿ ಸ್ಕ್ರೇಪರ್ ಒತ್ತಿ ನೋಡಿ. ಲೋಹದ ತನಕ ಸಲೀಸಾಗಿ ಜಾರಿದರೆ ಆಯಿತು. ಬಲ ಹಾಕಬೇಕಾದರೆ ಇನ್ನೂ ಆಗಿಲ್ಲ ಅಂತಲೇ ಅರ್ಥ. ಕೆರೆದ ಮುದ್ದೆಯನ್ನು ನೇರವಾಗಿ ಮುಚ್ಚಳವಿರುವ ತಗಡಿನ ಡಬ್ಬಿಗೆ ಹಾಕಿ. ಮೂಲೆ ಸಂದುಗಳಿಗೆ ಹಲ್ಲುಜ್ಜುವ ಹಳೆಯ ಬ್ರಷ್ ಚೆನ್ನ. ಕೊನೆಗೆ ಲೇಬಲ್‌ನಲ್ಲಿ ಹೇಳಿದ ದ್ರವದಿಂದಲೇ ಒರೆಸಿ. ಜೆಲ್‌ನ ಅಂಶ ಸ್ವಲ್ಪ ಉಳಿದರೂ ಹೊಸ ಬಣ್ಣ ಹಿಡಿಯುವುದಿಲ್ಲ.

ಪೌಡರ್ ಕೋಟಿಂಗ್ ಮತ್ತು ಎಪಾಕ್ಸಿ ಬಣ್ಣ ಬಲು ಹಟಮಾರಿ. ಅವಕ್ಕೆ ಎರಡು ಮೂರು ಸುತ್ತು ಜೆಲ್ ಬೇಕಾಗುತ್ತದೆ. ವಸ್ತು ದೊಡ್ಡದಾದರೆ ಸ್ಯಾಂಡ್‌ಬ್ಲಾಸ್ಟಿಂಗ್ ಮಾಡುವವರಿಗೆ ಕೊಡುವುದು ಬುದ್ಧಿವಂತಿಕೆ.

ಕಾಸ್ಟಿಕ್ ಸೋಡಾ ತೊಟ್ಟಿ

ಕಬ್ಬಿಣದ ಸಣ್ಣ ಭಾಗಗಳು ರಾಶಿಗಟ್ಟಲೆ ಇದ್ದು, ಮೇಲಿರುವುದು ಎಣ್ಣೆ ಆಧಾರಿತ ಎನಾಮೆಲ್ ಆಗಿದ್ದರೆ ಕಾಸ್ಟಿಕ್ ಸೋಡಾಗೆ ಸಾಟಿ ಇಲ್ಲ. ಎಣ್ಣೆಯನ್ನು ಸೋಪು ಮಾಡುವ ಅದೇ ಕ್ರಿಯೆ ಇಲ್ಲಿ ನಡೆಯುತ್ತದೆ. ಬಣ್ಣದೊಳಗಿನ ಎಣ್ಣೆ ಸೋಪಾಗಿ, ಬಣ್ಣ ಹಿಡಿತ ಬಿಟ್ಟು ಕಳಚುತ್ತದೆ. ಕಬ್ಬಿಣಕ್ಕೆ ಏನೂ ಆಗುವುದಿಲ್ಲ.

ಅಳತೆ: ಒಂದು ಲೀಟರ್ ನೀರಿಗೆ 50ರಿಂದ 100 ಗ್ರಾಂ. ಬಕೆಟ್ಟಿಗೆ ಮೊದಲು ತಣ್ಣೀರು, ಆಮೇಲೆ ಅದಕ್ಕೆ ಕಾಸ್ಟಿಕ್ ಅನ್ನು ಸ್ವಲ್ಪ ಸ್ವಲ್ಪವಾಗಿ ಉದುರಿಸಿ, ಮರದ ಅಥವಾ ಪ್ಲಾಸ್ಟಿಕ್ ಕೋಲಿನಿಂದ ಕಲಕುತ್ತಾ ಇರಿ. ಲೀಟರಿಗೆ 100 ಗ್ರಾಂ ಹಾಕಿದರೆ ನೀರು ತಾನಾಗಿಯೇ ಸುಮಾರು 25 ಡಿಗ್ರಿಯಷ್ಟು ಬಿಸಿಯೇರುತ್ತದೆ. ಇದನ್ನು ತಿರುಗಾಮುರುಗಾ ಮಾಡಿ, ಕಾಸ್ಟಿಕ್ ಮೇಲೆ ನೀರು ಸುರಿದರೆ ಅಷ್ಟೂ ಬಿಸಿ ಒಂದೇ ಜಾಗದಲ್ಲಿ ಹುಟ್ಟಿ, ಕುದಿದು ಮುಖಕ್ಕೆ ಎರಚುತ್ತದೆ. ಬಿಸಿನೀರಲ್ಲಿ ಕರಗಿಸಲು ಹೋಗಬೇಡಿ. ಬಕೆಟ್ ದಪ್ಪ ಪ್ಲಾಸ್ಟಿಕ್‌ನದು ಇರಲಿ, ತಳದಲ್ಲಿ ತ್ರಿಕೋನದೊಳಗೆ 2 ಅಥವಾ 5 ಎಂಬ ಅಂಕಿ ಇರುವಂಥದ್ದು. ಅಲ್ಯುಮಿನಿಯಂ ಪಾತ್ರೆ, ಸತು ಲೇಪಿಸಿದ ತಗಡಿನ ಬಕೆಟ್ ಯಾವುದೂ ಆಗದು.

ಭಾಗಗಳನ್ನು ಕಬ್ಬಿಣದ ತಂತಿಗೆ ಪೋಣಿಸಿ ನಿಧಾನವಾಗಿ ಇಳಿಬಿಡಿ. ಎಸೆಯಬೇಡಿ. ಕೆಲವು ಗಂಟೆಯ ನಂತರ ಎತ್ತಿ ನೋಡಿ, ಬಣ್ಣ ಹಾಳೆಯಂತೆ ಎದ್ದಿರುತ್ತದೆ. ನಾರಿನ ಬ್ರಷ್‌ನಿಂದ ಉಜ್ಜಿ, ಚೆನ್ನಾಗಿ ತೊಳೆಯಿರಿ. ಕೈಗೆ ಜಾರುವ ಅನುಭವ ಇರುವ ತನಕ ಕಾಸ್ಟಿಕ್ ಇನ್ನೂ ಇದೆ. ಗ್ಲೌಸ್ ತೂತಾಗಿದ್ದರೆ ಬೆರಳೂ ಹಾಗೇ ಜಾರುತ್ತದೆ. ಅದು ನಿಮ್ಮ ಚರ್ಮದ ಕೊಬ್ಬೇ ಸೋಪಾಗುತ್ತಿರುವ ಲಕ್ಷಣ. ಆಸಿಡ್‌ನಂತೆ ತಕ್ಷಣ ಉರಿಯದೇ ಇರುವುದರಿಂದಲೇ ಕಾಸ್ಟಿಕ್ ಹೆಚ್ಚು ಅಪಾಯಕಾರಿ ಎಂದು ನನಗೆ ಅನ್ನಿಸುತ್ತದೆ.

ತುಕ್ಕು: ಸಿಟ್ರಿಕ್ ಮತ್ತು ಫಾಸ್ಫಾರಿಕ್

ಬಣ್ಣ ಹೋದ ಮೇಲೆ ಉಳಿಯುವುದು ತುಕ್ಕು. ಹತ್ತರಲ್ಲಿ ಒಂಬತ್ತು ಸಲ ಸಿಟ್ರಿಕ್ ಆಸಿಡ್ ಸಾಕು. ಲೀಟರ್ ನೀರಿಗೆ 50ರಿಂದ 100 ಗ್ರಾಂ ಪುಡಿ ಕರಗಿಸಿ, ಉಗುರು ಬೆಚ್ಚಗಿಟ್ಟು, ವಸ್ತು ಪೂರ್ತಿ ಮುಳುಗುವಂತೆ ಹಾಕಿ. ಅರ್ಧ ಮುಳುಗಿಸಿದರೆ ನೀರಿನ ಗೆರೆಯ ಬಳಿ ಲೋಹ ಸವೆದು ಕಲೆ ನಿಲ್ಲುತ್ತದೆ. ಒಂದೆರಡು ಗಂಟೆಗೊಮ್ಮೆ ಎತ್ತಿ, ಬ್ರಷ್‌ನಿಂದ ಉಜ್ಜಿ ನೋಡಿ. ಮೇಲೆ ಕಪ್ಪು ಮಸಿ ಬರುತ್ತದೆ, ಹೆದರಬೇಡಿ, ಉಜ್ಜಿದರೆ ಹೋಗುತ್ತದೆ. ಹೊತ್ತು ಮೀರಿ ಬಿಟ್ಟರೆ ಮಾತ್ರ ಒಳ್ಳೆಯ ಲೋಹವೂ ಸವೆದು ಬೂದು ಬಣ್ಣಕ್ಕೆ ತಿರುಗುತ್ತದೆ. ಇದು ಸೌಮ್ಯ ಅಂತ ಗಾಗಲ್ಸ್ ಬಿಡಬೇಡಿ.

ಮುಳುಗಿಸಲಾಗದ ದೊಡ್ಡ ವಸ್ತುಗಳಿಗೆ ಫಾಸ್ಫಾರಿಕ್ ಆಸಿಡ್ ಇರುವ ತುಕ್ಕು ನಿವಾರಕ ಹಚ್ಚಬಹುದು. ಅದು ತುಕ್ಕನ್ನು ಐರನ್ ಫಾಸ್ಫೇಟ್ ಆಗಿ ಬದಲಾಯಿಸಿ ಬೂದು ಬಣ್ಣದ ತೆಳು ಪದರ ಬಿಡುತ್ತದೆ, ಅದರ ಮೇಲೆ ಪ್ರೈಮರ್ ಚೆನ್ನಾಗಿ ಕೂರುತ್ತದೆ. ಹೆಚ್ಚಾದದ್ದನ್ನು ಅಂಟಾಗಿ ಒಣಗಲು ಬಿಡದೆ ಒರೆಸಿಬಿಡಿ.

ಕೆಲವರು ವಿದ್ಯುತ್ತಿನಿಂದ ತುಕ್ಕು ತೆಗೆಯುತ್ತಾರೆ. ವಾಷಿಂಗ್ ಸೋಡಾ ಕರಗಿಸಿದ ನೀರು, 12 ವೋಲ್ಟ್‌ನ ಚಾರ್ಜರ್, ಋಣ ತುದಿಗೆ ವಸ್ತು, ಧನ ತುದಿಗೆ ಬೇಡದ ಕಬ್ಬಿಣದ ತುಂಡು. ಒಳ್ಳೆಯ ವಿಧಾನವೇ. ಆದರೆ ಧನ ತುದಿಗೆ ಸ್ಟೇನ್‌ಲೆಸ್ ಸ್ಟೀಲ್ ಹಾಕಬೇಡಿ. ಅದರಲ್ಲಿರುವ ಕ್ರೋಮಿಯಂ, ಕ್ಯಾನ್ಸರ್ ತರುವ ರೂಪದಲ್ಲಿ ನೀರಿಗೆ ಇಳಿಯುತ್ತದೆ. ವಾಷಿಂಗ್ ಸೋಡಾ ಬದಲು ಅಡುಗೆ ಉಪ್ಪು ಹಾಕಿದರೆ ಕ್ಲೋರಿನ್ ಅನಿಲ ಬರುತ್ತದೆ. ಸರಿಯಾಗಿ ಮಾಡಿದರೂ ಹೈಡ್ರೋಜನ್ ಬರುತ್ತಲೇ ಇರುತ್ತದೆ, ಹಾಗಾಗಿ ಮುಚ್ಚಿದ ಜಾಗ ಬೇಡ.

ಹೈಡ್ರೋಕ್ಲೋರಿಕ್ ಆಸಿಡ್: ಸತು ಮತ್ತು ಕ್ರೋಮ್

ಮ್ಯೂರಿಯಾಟಿಕ್ ಆಸಿಡ್ ಎಂಬ ಹೆಸರಲ್ಲೂ ಸಿಗುವುದು ಇದೇ. ಇದನ್ನು ನಾನು ಮುಖ್ಯವಾಗಿ ಒಂದು ಕೆಲಸಕ್ಕೆ ಸಮರ್ಥಿಸುತ್ತೇನೆ: ವೆಲ್ಡಿಂಗ್ ಮಾಡುವ ಮೊದಲು ಸತುವಿನ ಲೇಪನ ತೆಗೆಯಲು. ಗ್ಯಾಲ್ವನೈಸ್ ಮಾಡಿದ ಉಕ್ಕನ್ನು ಹಾಗೇ ವೆಲ್ಡ್ ಮಾಡಿದರೆ ಸತುವಿನ ಹೊಗೆ ಎದ್ದು, ಕೆಲವು ಗಂಟೆಯ ನಂತರ ಚಳಿಜ್ವರ, ಮೈಕೈ ನೋವು ಬರುತ್ತದೆ.

ಗಾಢ ಆಸಿಡ್ ಸಾಮಾನ್ಯವಾಗಿ ಶೇ. 30ರ ಆಸುಪಾಸು ಇರುತ್ತದೆ. ಐದು ಭಾಗ ನೀರಿಗೆ ಒಂದು ಭಾಗ ಆಸಿಡ್ ಸೇರಿಸಿದರೆ ಸುಮಾರು ಶೇ. 6 ಆಗುತ್ತದೆ, ಅಷ್ಟು ಸಾಕು. ನೀರು ಮೊದಲು, ಆಸಿಡ್ ಆಮೇಲೆ. ಬಕೆಟ್ ಪ್ಲಾಸ್ಟಿಕ್‌ನದೇ ಇರಬೇಕು. ಜಿಡ್ಡು ತೆಗೆದ ಭಾಗವನ್ನು ತಂತಿಯಲ್ಲಿ ಕಟ್ಟಿ ಇಳಿಸಿ. ತಕ್ಷಣ ಜೋರಾಗಿ ಗುಳ್ಳೆ ಏಳುತ್ತದೆ, ಅದು ಹೈಡ್ರೋಜನ್. ಹತ್ತಿರದಲ್ಲಿ ಬೀಡಿ, ಸಿಗರೇಟು, ಗ್ರೈಂಡರ್, ಸ್ವಿಚ್ಚು ಏನೂ ಇರಬಾರದು. ಬಕೆಟ್ಟಿಗೆ ಗಟ್ಟಿಯಾಗಿ ಮುಚ್ಚಳ ಹಾಕಬಾರದು. ಗುಳ್ಳೆಯ ರಭಸ ಇಳಿಯಿತು ಎಂದರೆ ಸತು ಹೋಯಿತು ಅಂತ ಅರ್ಥ. ಹೊರಗೆ ತೆಗೆಯಿರಿ. ಅಲ್ಲಿಂದ ಮುಂದೆ ಕರಗುವುದು ಉಕ್ಕು.

ಎರಡೂ ಕಡೆ ಮುಚ್ಚಿದ ಪೈಪು, ಟೊಳ್ಳು ಭಾಗ, ಮಡಚಿದ ತಗಡಿನ ಸಂದು ಇರುವ ವಸ್ತುಗಳನ್ನು ಇದರಲ್ಲಿ ಅದ್ದಬೇಡಿ. ಒಳಗೆ ಸೇರಿದ ಆಸಿಡ್ ತೊಳೆದರೂ ಹೊರಬರುವುದಿಲ್ಲ. ಪೆಟ್ರೋಲ್ ಟ್ಯಾಂಕ್ ಅಂತೂ ಬೇಡವೇ ಬೇಡ.

ನನ್ನ ಒಂದು ತಪ್ಪಿನಿಂದ ಕಲಿತದ್ದನ್ನು ಇಲ್ಲಿ ಹೇಳಲೇಬೇಕು. ಒಂದು ಸಲ ಈ ಆಸಿಡ್‌ನ ಬಕೆಟ್ಟನ್ನು ರಾತ್ರಿ ಶೆಡ್ಡಿನ ಮೂಲೆಯಲ್ಲಿಟ್ಟು ಬಾಗಿಲು ಹಾಕಿದ್ದೆ. ಬೆಳಿಗ್ಗೆ ನೋಡಿದರೆ ಗೋಡೆಗೆ ತೂಗುಹಾಕಿದ್ದ ಸ್ಪ್ಯಾನರ್, ಉಳಿ, ಗರಗಸ ಎಲ್ಲದರ ಮೇಲೂ ಕಿತ್ತಳೆ ತುಕ್ಕು. ಒಂದಕ್ಕೂ ಆಸಿಡ್ ತಾಗಿರಲಿಲ್ಲ. ಬರೀ ಆವಿ ಮಾಡಿದ ಕೆಲಸ ಅದು. ಉಕ್ಕಿಗೇ ಹೀಗಾದರೆ ಅಲ್ಲೇ ನಿಂತು ಉಸಿರಾಡಿದ ಎದೆಯ ಒಳಗೆ ಏನಾಗಿರಬಹುದು ಎಂದು ಆವತ್ತು ಯೋಚಿಸಿದೆ. ಅಂದಿನಿಂದ ಆಸಿಡ್ ಬಕೆಟ್ ನನ್ನ ಶೆಡ್ಡಿನೊಳಗೆ ಬಂದಿಲ್ಲ.

ಕ್ರೋಮ್ ಲೇಪನವೂ ಈ ಆಸಿಡ್‌ನಲ್ಲಿ ಕರಗುತ್ತದೆ, ದ್ರಾವಣ ಹಸಿರಾಗುತ್ತದೆ. ಆದರೆ ಕ್ರೋಮ್‌ನ ಕೆಳಗೆ ಸಾಮಾನ್ಯವಾಗಿ ನಿಕೆಲ್ ಪದರ ಇರುತ್ತದೆ, ಅದು ಇದಕ್ಕೆ ಸುಲಭವಾಗಿ ಜಗ್ಗುವುದಿಲ್ಲ. ಅದನ್ನು ತೆಗೆಯುವ ರಾಸಾಯನಿಕಗಳು ಇನ್ನೂ ಕ್ರೂರ. ಕ್ರೋಮ್ ಕೆಲಸವನ್ನು ಪ್ಲೇಟಿಂಗ್ ಮಾಡುವವರಿಗೆ ಬಿಡಿ. ತ್ಯಾಜ್ಯ ಸಂಸ್ಕರಿಸುವ ವ್ಯವಸ್ಥೆ ಅವರಲ್ಲಿ ಇರುತ್ತದೆ.

ಆಸಿಡ್‌ನಿಂದ ತೆಗೆದ ಕಬ್ಬಿಣ ನಿಮಿಷಗಳಲ್ಲಿ ಮತ್ತೆ ತುಕ್ಕು ಹಿಡಿಯುತ್ತದೆ. ಅದಕ್ಕೇ ಮುಂದಿನದನ್ನೆಲ್ಲ ಮೊದಲೇ ಜೋಡಿಸಿಟ್ಟುಕೊಳ್ಳಿ. ತಣ್ಣೀರಿನಲ್ಲಿ ಚೆನ್ನಾಗಿ ತೊಳೆದು, ಲೀಟರಿಗೆ ಎರಡು ಮೂರು ಚಮಚ ಅಡುಗೆ ಸೋಡಾ ಹಾಕಿದ ನೀರಿನಲ್ಲಿ ಹತ್ತು ನಿಮಿಷ ಅದ್ದಿ. ಆಮೇಲೆ ಬಿಸಿನೀರಿನಲ್ಲಿ ಜಾಲಿಸಿ. ಲೋಹ ಬಿಸಿಯಾದರೆ ತಾನೇ ಬೇಗ ಒಣಗುತ್ತದೆ. ಸಂದುಗಳಿಗೆ ಹೇರ್ ಡ್ರೈಯರ್ ಹಿಡಿಯಿರಿ. ಅದೇ ದಿನ ಪ್ರೈಮರ್ ಬಳಿಯಿರಿ, ಆಗದಿದ್ದರೆ ತೆಳುವಾಗಿ ಎಣ್ಣೆ ಸವರಿ.

ಮುಟ್ಟಲೇ ಬಾರದವು, ಬೆರೆಸಲೇ ಬಾರದವು

ಹೈಡ್ರೋಫ್ಲೋರಿಕ್ ಆಸಿಡ್ ಮತ್ತು ಅಮೋನಿಯಂ ಬೈಫ್ಲೋರೈಡ್. ಕೆಲವು ತುಕ್ಕು ಕಲೆ ನಿವಾರಕಗಳಲ್ಲಿ, ಚಕ್ರದ ರಿಮ್ ತೊಳೆಯುವ ದ್ರವಗಳಲ್ಲಿ ಇವು ಇರುತ್ತವೆ. ಕಡಿಮೆ ಗಾಢವಾದದ್ದು ಚರ್ಮಕ್ಕೆ ಬಿದ್ದಾಗ ನೋವೇ ಗೊತ್ತಾಗದೆ ಇರಬಹುದು. ಗಂಟೆಗಳ ನಂತರ ಮೂಳೆ ಕೊರೆಯುವ ನೋವು ಶುರುವಾಗುತ್ತದೆ. ಫ್ಲೋರೈಡ್ ದೇಹದ ಕ್ಯಾಲ್ಸಿಯಂ ಅನ್ನು ಹಿಡಿದಿಟ್ಟು ಹೃದಯದ ಬಡಿತವನ್ನೇ ಕೆಡಿಸಬಲ್ಲದು. ತಾಗಿದೆ ಅನ್ನಿಸಿದರೆ ನೋವಿಗಾಗಿ ಕಾಯಬೇಡಿ. ತೊಳೆದು ಆಸ್ಪತ್ರೆಗೆ ಹೋಗಿ, ಫ್ಲೋರೈಡ್ ಅಂತ ಬಾಯಿಬಿಟ್ಟು ಹೇಳಿ. ಅದಕ್ಕೆ ಕ್ಯಾಲ್ಸಿಯಂ ಗ್ಲುಕೋನೇಟ್ ಚಿಕಿತ್ಸೆ ಇದೆ.

ನೈಟ್ರಿಕ್ ಆಸಿಡ್ ತಾಮ್ರ, ಹಿತ್ತಾಳೆಗೆ ತಾಗಿದರೆ ಕಂದು ಬಣ್ಣದ ಅನಿಲ ಏಳುತ್ತದೆ. ಉಸಿರಾಡಿದವರಿಗೆ ಆ ಕ್ಷಣ ಸ್ವಲ್ಪ ಕೆಮ್ಮು ಬಂದು ನಿಂತಂತೆ ಇರುತ್ತದೆ. ಶ್ವಾಸಕೋಶದಲ್ಲಿ ನೀರು ತುಂಬುವುದು ಎಷ್ಟೋ ಗಂಟೆಗಳ ಮೇಲೆ. ಥಿನ್ನರ್, ಅಸಿಟೋನ್, ಆಲ್ಕೊಹಾಲ್ ಜೊತೆ ನೈಟ್ರಿಕ್ ಸೇರಿದರೆ ಸ್ಫೋಟವಾಗಬಹುದು.

ಬ್ಲೀಚ್ ಇದ್ದ ಬಕೆಟ್ಟಿಗೆ ಯಾವ ಆಸಿಡ್ ಹಾಕಿದರೂ ಕ್ಲೋರಿನ್ ಬರುತ್ತದೆ. ನೆಲ ತೊಳೆಯುವ ದ್ರವಗಳಲ್ಲೂ ಬ್ಲೀಚ್ ಇರುತ್ತದೆ, ಅದಕ್ಕೇ ಈ ಕೆಲಸದ ಬಕೆಟ್ ಬೇರೆಯೇ ಇರಲಿ. ಹಳೆಯ ಪ್ಲೇಟಿಂಗ್ ಲವಣಗಳ ಹತ್ತಿರ ಆಸಿಡ್ ತರಬೇಡಿ, ಅವುಗಳಲ್ಲಿ ಸಯನೈಡ್ ಇರಬಹುದು. ಕ್ಲೋರಿನ್ ಇರುವ ಸಾಲ್ವೆಂಟ್‌ನಿಂದ ಒರೆಸಿದ ಲೋಹವನ್ನು ತೊಳೆದು ಒಣಗಿಸದೆ ವೆಲ್ಡ್ ಮಾಡಬೇಡಿ. ಆ ಶಾಖಕ್ಕೆ ಫಾಸ್ಜೀನ್ ಎಂಬ ವಿಷಾನಿಲ ಹುಟ್ಟುತ್ತದೆ.

ಉಳಿದದ್ದನ್ನು ಏನು ಮಾಡುವುದು

ಬಳಸಿದ ಆಸಿಡನ್ನು ಚರಂಡಿಗೆ, ಮಣ್ಣಿಗೆ ಚೆಲ್ಲಬೇಡಿ. ಮೊದಲು ತಟಸ್ಥ ಮಾಡಬೇಕು. ಶೇ. 32ರ ಒಂದು ಲೀಟರ್ ಹೈಡ್ರೋಕ್ಲೋರಿಕ್ ಆಸಿಡ್ ಬಳಸಿದ್ದರೆ ಅದಕ್ಕೆ ಸುಮಾರು 850 ಗ್ರಾಂ ಅಡುಗೆ ಸೋಡಾ ಬೇಕು. ಅಷ್ಟೂ ಸೇರಿ ಸುಮಾರು 240 ಲೀಟರ್ ಕಾರ್ಬನ್ ಡೈಆಕ್ಸೈಡ್ ಹೊರಬಿಡುತ್ತದೆ. ಒಂದೇ ಸಲ ಸುರಿದರೆ ಬಕೆಟ್ ಉಕ್ಕಿ ಹರಿಯುವುದು ಖಂಡಿತ. ಬಯಲಲ್ಲಿ, ಬಕೆಟ್ ಅರ್ಧಕ್ಕಿಂತ ಖಾಲಿ ಇರುವಾಗ, ಚಮಚ ಚಮಚವಾಗಿ ಹಾಕಿ, ನೊರೆ ಇಳಿದ ಮೇಲೆ ಇನ್ನಷ್ಟು. ನೊರೆ ನಿಂತ ಮೇಲೆ ಪಿಎಚ್ ಕಾಗದ ಅದ್ದಿ ನೋಡಿ, 6ರಿಂದ 8ರ ನಡುವೆ ಬರಬೇಕು.

ಆದರೆ ತಟಸ್ಥವಾಯಿತು ಎಂದರೆ ನಿರಪಾಯವಾಯಿತು ಎಂದಲ್ಲ. ತಳದಲ್ಲಿ ಕೂರುವ ಕೆಸರಿನಲ್ಲಿ ಸತು, ಕ್ರೋಮಿಯಂ, ಸೀಸ ಎಲ್ಲವೂ ಹಾಗೇ ಇರುತ್ತವೆ. ಸತು ಸ್ವಲ್ಪವೇ ಆದರೂ ಮೀನುಗಳಿಗೆ ವಿಷ. ಕೆಸರು, ತಿಳಿನೀರು, ಕೆರೆದ ಬಣ್ಣದ ಮುದ್ದೆ ಎಲ್ಲವನ್ನೂ ಬೇರೆ ಬೇರೆ ಡಬ್ಬಿಗಳಲ್ಲಿ ತುಂಬಿ, ಒಳಗೆ ಏನಿದೆ ಎಂದು ಬರೆದು, ಅಪಾಯಕಾರಿ ತ್ಯಾಜ್ಯ ಸಂಗ್ರಹಿಸುವ ಕಡೆಗೆ ಕೊಡಿ. ಸಾಲ್ವೆಂಟ್ ಒರೆಸಿದ ಬಟ್ಟೆಗಳನ್ನು ಮುದುರಿ ಎಸೆಯದೆ, ಬಯಲಲ್ಲಿ ಹರಡಿ ಒಣಗಿಸಿ, ಆಮೇಲೆ ಮುಚ್ಚಳವಿರುವ ತಗಡಿನ ಡಬ್ಬಿಗೆ ಹಾಕಿ.

ಮಿಕ್ಕ ಆಸಿಡ್, ಕಾಸ್ಟಿಕ್ ಅದರ ಸ್ವಂತ ಬಾಟಲಿಯಲ್ಲೇ ಇರಲಿ. ನೀರಿನ ಬಾಟಲಿಗೆ, ತಂಪು ಪಾನೀಯದ ಬಾಟಲಿಗೆ ಒಂದು ಹನಿಯನ್ನೂ ಬಗ್ಗಿಸಬೇಡಿ. ಬಾಯಾರಿದ ಮಗು ಲೇಬಲ್ ಓದುವುದಿಲ್ಲ. ಆಸಿಡ್ ಒಂದು ಕಡೆ, ಕಾಸ್ಟಿಕ್ ಇನ್ನೊಂದು ಕಡೆ, ಎರಡೂ ನೆಲದ ಮಟ್ಟದಲ್ಲಿ, ಬೀಗ ಹಾಕಿದ ಕಪಾಟಿನಲ್ಲಿ, ಕಣ್ಣಿನ ಮಟ್ಟಕ್ಕಿಂತ ಕೆಳಗೆ ಇರಲಿ. ಎತ್ತರದಿಂದ ತೆಗೆಯುವಾಗ ಬಾಟಲಿ ಜಾರಿದರೆ ಮೊದಲು ಸಿಗುವುದು ಮುಖ.